ಬೀಳದ ಸ್ವಿಚ್ಚು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಯಾರಿಗೂ ಒಂದಿಷ್ಟೂ ತೊಂದರೆ ಕೊಡದೆ ಬದುಕಿಬಿಡಬೇಕು ಎಂದಿದ್ದೇನೆ. ಮಠದಲ್ಲಿ ಎಲ್ಲರ ಊಟವಾದ ಮೇಲೆ ಉಣ್ಣುತ್ತೇನೆ. ಜ್ವರ ಬಂದರೂ ಯಾರಿಗೂ ಹೇಳುವುದಿಲ್ಲ. ಈ ದಾರಿ ಸರಿಯೇ?"

"ಒಳ್ಳೆಯ ಆಸೆ," ಎಂದರು ಗುರುಗಳು. "ಅಂಗಳದ ಚಪ್ಪಡಿಗೂ ಇದೇ ಆಸೆ ಇರಬಹುದು. ಕೂತುಕೋ."

ಆಮೇಲೆ ಹೇಳಿದರು:

ಒಂದು ಊರಿನಲ್ಲಿ ದೋಸೆ ಹಿಟ್ಟು ರುಬ್ಬಿ ಹೋಟೆಲುಗಳಿಗೆ ಕೊಡುವವನೊಬ್ಬನಿದ್ದ. ಅವನಿಗೆ ಮದುವೆಯಾಗಿರಲಿಲ್ಲ. ತಮ್ಮ, ತಮ್ಮನ ಹೆಂಡತಿ ಮನೆಯಲ್ಲಿ. ಇವನು ಹಿತ್ತಲಿನ ಶೆಡ್ಡಿನಲ್ಲಿ. ಅಲ್ಲೇ ಗ್ರೈಂಡರು, ಅಲ್ಲೇ ಚಾಪೆ. ಊಟದ ತಟ್ಟೆ ಹಿತ್ತಲ ಕಟ್ಟೆಗೆ ಬರುತ್ತಿತ್ತು. ಉಂಡು ತೊಳೆದು ಅಲ್ಲಿಗೇ ಇಡುತ್ತಿದ್ದ.

ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡಬಾರದು. ಭಾವನೂ ಅವಳನ್ನು ಹೆಸರು ಹಿಡಿದು ಕರೆಯಬಾರದು. ಅದು ಆ ಮನೆಯ ರೂಢಿ. ಯಾಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನೇ ನಾವು ಹೆಚ್ಚು ಭಕ್ತಿಯಿಂದ ನಡೆಸುತ್ತೇವೆ.

ಶೆಡ್ಡಿಗೆ ಕರೆಂಟು ಮನೆಯಿಂದಲೇ ಹೋಗುತ್ತಿತ್ತು. ಮನೆಯ ಗೋಡೆಯಲ್ಲಿ ಒಂದು ಟ್ರಿಪ್ ಸ್ವಿಚ್ ಇತ್ತು. ಎಲ್ಲಾದರೂ ಕರೆಂಟು ಸೋರಿ ಮನುಷ್ಯನಿಗೆ ಹೊಡೆಯುವ ಹಾಗಾದರೆ ಅದು ತಾನಾಗಿ ಕೆಳಗೆ ಬೀಳುತ್ತದೆ. ಬಿದ್ದರೆ ಮನೆಗೂ ಇಲ್ಲ, ಶೆಡ್ಡಿಗೂ ಇಲ್ಲ. ಗ್ರೈಂಡರು ಹಳೆಯದು, ನೆಲ ಸದಾ ಒದ್ದೆ. ಹಾಗಾಗಿ ಸ್ವಿಚ್ಚು ಆಗಾಗ ಬೀಳುತ್ತಿತ್ತು.

ಬಿದ್ದಾಗಲೆಲ್ಲ ಅವಳು ಒಲೆ ಬಿಟ್ಟು ಹಿತ್ತಲ ಬಾಗಿಲಿಗೆ ಬರುತ್ತಿದ್ದಳು. ಭಾವನನ್ನು ನೋಡುವಂತಿಲ್ಲವಲ್ಲ, ಬಟ್ಟೆ ಒಗೆಯುವ ಕಲ್ಲನ್ನು ನೋಡಿ ಕೇಳುತ್ತಿದ್ದಳು: "ಅಲ್ಲೇನೂ ಆಗಿಲ್ಲ ತಾನೆ?"

ಅವನು ಗ್ರೈಂಡರಿಗೆ ಹೇಳುತ್ತಿದ್ದ: "ಏನೂ ಇಲ್ಲ. ಕರೆಂಟು ಹಾಕಬಹುದು."

ಅವಳು ಒಳಗೆ ಹೋಗಿ ಸ್ವಿಚ್ಚು ಎತ್ತುತ್ತಿದ್ದಳು. ಅವರಿಬ್ಬರ ನಡುವೆ ಇದ್ದ ಮಾತುಕತೆ ಅಷ್ಟೇ. ಕಲ್ಲಿಗೂ ಗ್ರೈಂಡರಿಗೂ ಎಂಥ ಸ್ನೇಹ ಎಂದು ನೋಡಿದವರು ನಗಬಹುದು. ನಗಲಿ. ಆ ಒಂದು ಪ್ರಶ್ನೆ ಕೇಳಿಸಿದ ದಿನ ಅವನಿಗೆ ಅನ್ನ ರುಚಿಸುತ್ತಿತ್ತು. ಉಳಿದ ದಿನ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಒಂದು ದಿನ ಮನೆಗೆ ನೆಂಟರು ಬಂದಿದ್ದರು. ಚಟ್ನಿ ರುಬ್ಬುವಾಗ ಸ್ವಿಚ್ಚು ಬಿದ್ದು ಮಿಕ್ಸಿ ನಿಂತಿತು. "ಅಯ್ಯೋ, ಇವತ್ತೇ ಹೋಗ್ಬೇಕಿತ್ತಾ!" ಎಂದಳು ಅವಳು. ಯಾರಾದರೂ ಆಡುವ ಮಾತು. ಹಿತ್ತಲಲ್ಲಿದ್ದವನ ಕಿವಿಗೆ ಬಿತ್ತು. ಕಡ್ಡಿಯನ್ನು ಗುಡ್ಡ ಮಾಡಲು ಒಂಟಿಯಾಗಿರುವವನಿಗೆ ಬೇಕಾದಷ್ಟು ಹೊತ್ತಿರುತ್ತದೆ. ನಾನು ಈ ಮನೆಗೆ ಹೊರೆಯಾದೆ ಎಂದು ಅವನು ತೀರ್ಮಾನಿಸಿಬಿಟ್ಟ.

ವೈರಿಂಗ್ ಮಾಡುವವನನ್ನು ಕೇಳಿದ. ಅವನು, "ಗ್ರೈಂಡರ್ ರಿಪೇರಿ ಮಾಡ್ಸಿ. ಅರ್ತ್ ಸರಿ ಮಾಡಿ, ಶೆಡ್ಡಿಗೇ ಬೇರೆ ಟ್ರಿಪ್ ಸ್ವಿಚ್ ಹಾಕಿಕೊಡ್ತೀನಿ. ಮನೇಲಿ ಒಂದು ಮಾತು ಹೇಳಿಡಿ, ಅರ್ಧ ದಿನ ಕರೆಂಟ್ ತೆಗೀಬೇಕಾಗುತ್ತೆ," ಎಂದ.

ಮನೆಯವರಿಗೆ ಅರ್ಧ ದಿನದ ತೊಂದರೆ! ಅದೂ ಬೇಡವೆನಿಸಿತು ಅವನಿಗೆ. ಮನೆಯಲ್ಲಿ ಯಾರೂ ಇಲ್ಲದಾಗ, ಆ ಸ್ವಿಚ್ಚನ್ನು ತಪ್ಪಿಸಿ, ಮೀಟರಿನಿಂದ ನೇರವಾಗಿ ಶೆಡ್ಡಿಗೆ ತಾನೇ ತಂತಿ ಎಳೆದುಕೊಂಡ.

ಸ್ವಿಚ್ಚು ಬೀಳುವುದು ನಿಂತಿತು. ಗ್ರೈಂಡರು ರಿಪೇರಿಯಾಗಿರಬೇಕು ಎಂದುಕೊಂಡಳು ಅವಳು. ಮೊದಮೊದಲು ನೆಮ್ಮದಿಯೆನಿಸಿತು. ಬರಬರುತ್ತಾ ಹಿತ್ತಲು ಬಿಕೋ ಎನ್ನತೊಡಗಿತು. ಭಾವನ ದನಿ ಕೇಳಿ ತುಂಬಾ ದಿನವಾಯಿತು ಎಂದು ಒಮ್ಮೆ ಹೊಳೆಯಿತು. ಬಾಗಿಲವರೆಗೆ ಬಂದಳು. ಕೇಳುವುದಕ್ಕೆ ಒಂದು ನೆಪವೂ ಇರಲಿಲ್ಲ. ಹಿಂದಕ್ಕೆ ಹೋದಳು.

ಶೆಡ್ಡಿನಲ್ಲಿ ಗ್ರೈಂಡರು ಮುಟ್ಟಿದರೆ ಅವನ ಕೈ ಜುಮ್ಮೆನ್ನುತ್ತಿತ್ತು. ಅವನು ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಗ್ರೈಂಡರಿಗೆ ಕೈ ಹಾಕಿದ. ಕರೆಂಟು ಹಿಡಿಯಿತು, ಬಿಡಲಿಲ್ಲ. ಮನೆಯಲ್ಲಿ ಫ್ಯಾನು ತಿರುಗುತ್ತಲೇ ಇತ್ತು. ಅವಳು ಬಟ್ಟೆ ಮಡಚುತ್ತಿದ್ದಳು. ಗ್ರೈಂಡರಿನ ಸದ್ದು ಸಂಜೆಯವರೆಗೂ ಕೇಳುತ್ತಿತ್ತು. ಕಟ್ಟೆಯ ಮೇಲಿನ ತಟ್ಟೆ ಹಾಗೇ ಇತ್ತು. ಭಾವ ಇವತ್ತು ಜಾಸ್ತಿ ಹಿಟ್ಟು ಒಪ್ಪಿಕೊಂಡಿರಬೇಕು, ಉಣ್ಣಲೂ ಪುರುಸೊತ್ತಿಲ್ಲ ಎಂದುಕೊಂಡಳು.

ಸಂಜೆ ತಮ್ಮ ಕೆಲಸದಿಂದ ಬಂದು ಶೆಡ್ಡಿಗೆ ಹೋದ. ಅವನು ಕೂಗಿಕೊಂಡದ್ದು ಕೇಳಿ ಅವಳೂ ಓಡಿದಳು. ಅಂದು ಅವಳು ಭಾವನ ಮುಖವನ್ನು ಮೊದಲ ಸಲ ನೇರವಾಗಿ ನೋಡಿದಳು. "ಏನಾಯ್ತು ಭಾವ, ಏನಾಯ್ತು?" ಎಂದು ಅವನನ್ನೇ ಕೇಳಿದಳು.

ಗುರುಗಳು ಮಾತು ನಿಲ್ಲಿಸಿದರು.

ಶಿಷ್ಯನಿಗೆ ಸಂಕಟವಾಯಿತು. "ಆಮೇಲಾದರೂ ಶೆಡ್ಡಿನ ತಂತಿಯನ್ನು ಆ ಸ್ವಿಚ್ಚಿಗೆ ಸೇರಿಸಿದರೇ?" ಎಂದು ಕೇಳಿದ.

"ಸೇರಿಸಿದರು; ಅದು ಒಮ್ಮೆಯಾದರೂ ಬೀಳಲಿ ಎಂದು ಆ ಹೆಣ್ಣುಮಗಳು ಈಗಲೂ ಕಾಯುತ್ತಾಳೆ."