ಪೂಜೆಗೆ ಕೂತ ಇ-ರೀಡರ್

ಸರಸ್ವತಿ ಪೂಜೆಯ ದಿನ ವೆಂಕೋಬರಾಯರು ಹಳೆಯ ಪುಸ್ತಕವೊಂದರ ಪಕ್ಕದಲ್ಲಿ, ಜೇಬಿನಲ್ಲಿ ಹಿಡಿಸುವಂಥ ತಮ್ಮ ಹೊಸ ಇ-ರೀಡರನ್ನೂ ಇಟ್ಟು ಕುಂಕುಮ ಹಚ್ಚಿದರು. ಪುಸ್ತಕದೊಳಗಿಂದ ಹುಳುವೊಂದು ತಲೆ ಹೊರಹಾಕಿತು.

“ಗಂಟುಮೂಟೆ ಕಟ್ಟು,” ಎಂದಿತು ಇ-ರೀಡರ್. “ನನ್ನ ಹೊಟ್ಟೆಯಲ್ಲಿ ಗ್ರಂಥಾಲಯವೇ ಇದೆ. ನೀನಿರುವ ಪುಸ್ತಕ ಇನ್ನು ರದ್ದಿಗೆ.”

ಹುಳು ನಡುಗಿತು. “ರಾಯರು ಅದರಲ್ಲಿ ಯಾವುದನ್ನು ಓದಿ ಮುಗಿಸಿದರು?”

“ಓದುವುದೇ? ತಿಂಗಳಿಂದ ಅಕ್ಷರದ ಗಾತ್ರ, ಸಾಲುಗಳ ಅಂತರ, ಪರದೆಯ ಚಿತ್ರ ಬದಲಿಸುತ್ತಿದ್ದಾರೆ. ಇನ್ನೂ ಯಾವುದೂ ಮನಸ್ಸಿಗೆ ಒಪ್ಪಿಲ್ಲ.”

“ಇವತ್ತು ಹೇಗೂ ರಜಾ. ಓದಬಹುದಲ್ಲ?”

“ಅಯ್ಯೋ ದಡ್ಡ! ಪೂಜೆಗಿಟ್ಟ ಪುಸ್ತಕವನ್ನು ಆ ದಿನ ಓದಬಾರದು!”

ಹುಳುವಿನ ನಡುಕ ನಿಂತಿತು. “ಹಾಗಾದರೆ ನಿನಗೆ ವರ್ಷವಿಡೀ ಸರಸ್ವತಿ ಪೂಜೆ, ಬಿಡು,” ಎಂದು ಹೇಳಿ, ತಾನು ಅರ್ಧ ತಿಂದಿದ್ದ ಅಧ್ಯಾಯವನ್ನು ಮುಗಿಸಲು ಒಳಗೆ ಹೋಯಿತು.