ಮೂರನೆಯ ಸುತ್ತು

ಹೊಳೆದಂಡೆಯ ಆ ಆಶ್ರಮದಲ್ಲಿ ಗುಡಿ ಇರಲಿಲ್ಲ. ಭೂಕಂಪ ಅಳೆಯುವ ಒಂದು ಹಳೆಯ ಯಂತ್ರವಿತ್ತು. ಗುರುಗಳಾದ ನಿರ್ವಾಣಯ್ಯನವರು ಅದನ್ನು ಬಂಡೆಯ ಮೇಲೆ ಕೂರಿಸಿ ಮೂವತ್ತು ವರ್ಷವಾಗಿತ್ತು. ಅದರ ಹತ್ತಿರ ಧಡಧಡ ಹೆಜ್ಜೆ ಹಾಕಿದವರಿಗೆ ಅವತ್ತು ಊಟವಿಲ್ಲ. ಅಲ್ಲಿನ ಮಡಿ ಅಷ್ಟೇ.

ದಿನಾ ಬೆಳಿಗ್ಗೆ ಯಂತ್ರದ ತಿರುಗುವ ಉರುಳೆಗೆ ಹೊಸ ಕಾಗದ ಸುತ್ತಿ, ಚಿಮಣಿ ದೀಪದ ಹೊಗೆ ಹಿಡಿಸಿ ಕಪ್ಪು ಮಾಡುವುದು ಶಿಷ್ಯ ಶಿವಪುತ್ರನ ಕೆಲಸ. ತೂಗುಬಿಟ್ಟ ಕಬ್ಬಿಣದ ಗುಂಡಿಗೆ ಒಂದು ಮುಳ್ಳು ಕಟ್ಟಿತ್ತು. ನೆಲ ನಡುಗಿದರೆ ಉರುಳೆಯೂ ನಡುಗುತ್ತದೆ, ಭಾರದ ಗುಂಡು ಮಾತ್ರ ಇದ್ದಲ್ಲೇ ಇರುತ್ತದೆ. ಮಸಿಯ ಮೇಲೆ ಬಿಳಿ ಗೆರೆ ಬೀಳುತ್ತದೆ.

ಒಂದು ಬೆಳಿಗ್ಗೆ ಕಾಗದ ಸುತ್ತಿ ಮುಗಿಸುವಷ್ಟರಲ್ಲಿ ನೆಲ ಸಣ್ಣಗೆ ಅದುರಿತು. ಹತ್ತು ಎಣಿಸುವಷ್ಟರಲ್ಲಿ ಇನ್ನೊಂದು ಬಂತು, ದೊಡ್ಡದು. ಅಡುಗೆಮನೆಯ ತಂಬಿಗೆಗಳು ಉರುಳಿದವು. ಮುಳ್ಳು ಕಾಗದದ ಅಂಚು ದಾಟಿ ಹಾರಿತು.

ಎಲ್ಲ ನಿಂತ ಮೇಲೆ ಗುರುಗಳು ಗೆರೆಯ ಮೇಲೆ ಬಗ್ಗಿದರು.

"ಎರಡರ ನಡುವ ಎಷ್ಟು?"

"ಹತ್ತು ಸೆಕೆಂಡ್ ಅಜ್ಜಾರ."

"ಹಂಗಂದ್ರ?"

"ಮೊದಲನೇ ಅಲೆ ಓಡಿ ಬರತೈತಿ, ಎರಡನೇದು ಹಿಂದ ಬೀಳತೈತಿ. ದೂರ ಆದಷ್ಟೂ ನಡುವಿನ ಅಂತರ ಹೆಚ್ಚು. ಸೆಕೆಂಡಿಗೆ ಎಂಟು ಕಿಲೋಮೀಟರ್ ಹಿಡದ್ರ..." ಶಿವಪುತ್ರ ಬೆರಳು ಮಡಚಿ ಎಣಿಸಿದ. "ಎಂಬತ್ತು. ನಮ್ಮೂರು ತೊರೆಬಾವಿ ಇಲ್ಲಿಂದ ಎಂಬತ್ತ ಐತ್ರಿ."

ಅವನು ಒಳಗೆ ಓಡಿ ಬಟ್ಟೆಯ ಗಂಟು ಕಟ್ಟಿಕೊಂಡು ಬಂದ.

"ನಮ್ಮವ್ವ ಒಬ್ಬಾಕಿನ ಅದಾಳ್ರಿ ಅಲ್ಲಿ, ಆಕೀ ಕಡೆ ಫೋನೂ ಇಲ್ಲ. ಬರೋ ದಿನ ಜಗಳಾಡಿ, 'ಈ ಮನಿ ಬಿದ್ದು ಹೋಗ್ಲಿ' ಅಂದು ಬಂದೇನಿ. ಬಿತ್ತು ನೋಡ್ರಿ. ನನ್ನ ಬಾಯೇ ಅದನ್ನ ಬೀಳಿಸ್ತು."

ಗುರುಗಳು ಬೇಲಿಯಿಂದ ಒಂದು ಕೋಲು ಕಿತ್ತು ಅವನ ಕೈಗಿಟ್ಟರು.

"ಬಗ್ಗಿಸು. ಸಾವಕಾಶ."

ಬಗ್ಗಿಸಿದ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಫಟ್ಟನೆ ಮುರಿದು ಅಂಗೈ ಜುಮ್ಮೆಂದಿತು.

"ಮುರದದ್ದು ಯಾವಾಗ?"

"ಈಗ."

"ಬಗ್ಗಾಕ ಹತ್ತಿದ್ದು?"

ಶಿವಪುತ್ರ ಕೋಲಿನ ಮುರಿದ ತುದಿಗಳನ್ನು ನೋಡಿದ.

"ನೆಲದ ತಳದಾಗ ಬಂಡೆಗಲ್ಲಿಗೆ ಬಂಡೆಗಲ್ಲು ಒತ್ತತೈತಿ. ವರ್ಷಕ್ಕ ಉಗುರು ಬೆಳದಷ್ಟು ಸೈತ ಇಲ್ಲ. ಜಾರಬೇಕು, ಜಾರಾಂಗಿಲ್ಲ, ಒಂದನ್ನೊಂದು ಕಚ್ಚಿ ಹಿಡಕೊಂಡಿರತಾವ. ಬಗ್ಗತಾವ, ತಡಕೋತಾವ. ತಡಿಯೋದು ಮುಗಿದ ದಿನ ಒಮ್ಮಿಗೇ ಜಾರತಾವ. ಆ ಬಂಡೆಗಲ್ಲು ಬಗ್ಗಾಕ ಹತ್ತಿದಾಗ ನಿನ್ನ ಮುತ್ತಜ್ಜನ ಮುತ್ತಜ್ಜ ಹುಟ್ಟಿರಲಿಲ್ಲ."

"ಹಂಗಾದ್ರ ನನ್ನ ಮಾತು ಏನೂ ಮಾಡಿಲ್ಲೇನ್ರಿ?"

"ಕಲ್ಲಿಗೆ ಏನೂ ಮಾಡಿಲ್ಲ. ನಿಮ್ಮವ್ವಗ ಏನು ಮಾಡೇತೋ, ಆಕೀನ ಕೇಳು."

ಆ ಮಾತು ನಾಟಿತು. ಶಿವಪುತ್ರ ಗಂಟನ್ನು ಹೆಗಲಿಗೇರಿಸಿ ಹೊರಟ.

"ನಿಂದ್ರು. ಮುಳ್ಳು ದೂರ ಹೇಳೇತಿ. ದಿಕ್ಕು ಹೇಳೇತೇನು?"

ಗುರುಗಳು ಮರಳಿನಲ್ಲಿ ಮೂರು ಕಲ್ಲು ನೆಟ್ಟರು. ಒಂದು ತಮ್ಮ ಆಶ್ರಮ. ಉಳಿದೆರಡು, ಇಂಥದೇ ಯಂತ್ರ ಇಟ್ಟುಕೊಂಡಿದ್ದ ಗೆಳೆಯರ ಊರುಗಳು. ಹತ್ತು ಕಿಲೋಮೀಟರಿಗೆ ಒಂದು ಗೇಣು. ಎಂಟು ಗೇಣು ಹಗ್ಗ ಹಿಡಿದು ಮೊದಲ ಕಲ್ಲಿನ ಸುತ್ತ ಗೆರೆ ಎಳೆದರು.

"ಈ ಸುತ್ತಿನ ಮ್ಯಾಲೆ ನಿಮ್ಮೂರು ಐತಿ. ಮತ್ತ ಯಾವ್ಯಾವ ಅದಾವ?"

"ಬಾಳ ಅದಾವ್ರಿ."

ಫೋನು ಬಂತು. ಮೊದಲ ಗೆಳೆಯನ ಯಂತ್ರ ಐವತ್ತು ಕಿಲೋಮೀಟರ್ ಎಂದಿತ್ತು. ಎರಡನೆಯ ಸುತ್ತು ಮೊದಲನೆಯದನ್ನು ಎರಡೇ ಕಡೆ ಕಡಿಯಿತು. ಒಂದು ಕಡೆ ಸುಣ್ಣದಗುಡ್ಡ ಎಂಬ ಹಳ್ಳಿ. ಇನ್ನೊಂದು ತೊರೆಬಾವಿ.

ಶಿವಪುತ್ರ ಗಂಟನ್ನು ಎದೆಗವಚಿಕೊಂಡ. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತ. ಅವ್ವ ಕೊಡ ಹೊತ್ತು ಹೊಸ್ತಿಲು ದಾಟುವುದೇ ಕಣ್ಣ ಮುಂದೆ ಬರುತ್ತಿತ್ತು.

ಮತ್ತೆ ಫೋನು. ಗುರುಗಳು ಮೂರನೆಯ ಕಲ್ಲಿಗೆ ಹಗ್ಗ ಹಿಡಿದು ನಿಧಾನವಾಗಿ ಸುತ್ತಿದರು. ಗೆರೆ ತೊರೆಬಾವಿಯಿಂದ ಮೂರು ಗೇಣು ಆಚೆಗೇ ಉಳಿಯಿತು. ಸುಣ್ಣದಗುಡ್ಡದ ಮೇಲೆ ಹಾಯ್ದು ಹೋಯಿತು.

"ನಮ್ಮೂರಲ್ಲ!" ಶಿವಪುತ್ರ ಮರಳಿನಲ್ಲೇ ಕುಸಿದು ಕೂತು ನಕ್ಕ, ನಗುನಗುತ್ತಲೇ ಅತ್ತ. "ನಮ್ಮೂರಲ್ಲರಿ ಅಜ್ಜಾರ! ನಮ್ಮವ್ವ ಉಳದ್ಲು!"

ಗುರುಗಳು ಗೆರೆಗಳು ಕೂಡಿದ ಜಾಗವನ್ನೇ ನೋಡುತ್ತಿದ್ದರು.

ಶಿವಪುತ್ರ ಕಣ್ಣೊರೆಸಿಕೊಂಡು ಎದ್ದ. ಇಷ್ಟು ಹಗುರ ಅವನಿಗೆ ಎಂದೂ ಆಗಿರಲಿಲ್ಲ. "ಈಗ ಊರಿಗೆ ಹೊಕ್ಕೇನ್ರಿ. ಅವ್ವನ ಕಾಲು ಹಿಡದು ತಪ್ಪಾತು ಅಂತೇನಿ. ಎರಡು ವರ್ಷ ಆತು, ದಾರಿ ಕಾಯಾಕತ್ತಾಳ."

ಗುರುಗಳು ಒಳಗೆ ಹೋಗಿ ಎರಡು ಹಾರೆ ತಂದರು. ಒಂದನ್ನು ಅವನ ಕೈಗೆ ಕೊಟ್ಟರು. ಇನ್ನೊಂದನ್ನು, ಎಪ್ಪತ್ತರ ವಯಸ್ಸಿನಲ್ಲಿ, ತಾವೇ ಹೆಗಲಿಗಿಟ್ಟುಕೊಂಡು ಲಾರಿಗಳು ಓಡಾಡುವ ರಸ್ತೆಯ ಕಡೆ ತಿರುಗಿದರು.

"ಇದ್ಯಾಕ್ರಿ ಅಜ್ಜಾರ?"

"ನಿಮ್ಮವ್ವ ಇನ್ನೆರಡು ದಿನ ಕಾಯತಾಳ, ತಮ್ಮಾ. ಸುಣ್ಣದಗುಡ್ಡದಾಗ ಕಲ್ಲಡಿ ಸಿಕ್ಕವರು ಕಾಯಾಂಗಿಲ್ಲ."