ಬಂದರಿನ ಕಟ್ಟೆಗೆ ಬಂದ ಚಾವಡಿ

ಮಣಿಗೋಡು ಬಂದರಿನ ಬೀದಿಬೀದಿಯಲ್ಲಿ ಡಂಗುರ ಸಾರಿದರು: "ನಮ್ಮೂರಿಗೆ ಬಂದ ಪರಸ್ಥಳದವರು ಮೋಸಹೋಗಿ ಸಾಯುತ್ತಿದ್ದಾರೆ. ಅವರನ್ನು ಕಾಯಲು ಒಬ್ಬ ಅಧಿಕಾರಿ ಬೇಕು. ರಾಣಿ ಪದುಮಲಾದೇವಿಯವರ ಮೂರು ಒಗಟು ಬಿಡಿಸಿದವನಿಗೆ ಆ ಪದವಿ. ತಪ್ಪಿದವನಿಗೆ ತಲೆದಂಡ."

ಅನಾಥ ಹೆಣಗಳನ್ನು ಹೂಳುವ ದೂಮ ಆಗ ಹೊಂಡ ತೋಡುತ್ತಿದ್ದ. ಪಕ್ಕದಲ್ಲಿ ಯಾತ್ರೆಗೆ ಬಂದಿದ್ದ ಮುದುಕಿಯ ಹೆಣ. ಹುಳುಕು ದೋಣಿಗೆ ಹೊಸ ಬಣ್ಣ ಬಳಿದು ಅವಳನ್ನೂ ಗಂಡನನ್ನೂ ಹತ್ತಿಸಿದ್ದರು. ಗಂಡ ಮುಳುಗಿಹೋದ. ಅವಳು ದೂರು ಕೊಡಲು ನ್ಯಾಯದ ಚಾವಡಿಗೆ ಹೋದರೆ, "ಅಮಾವಾಸ್ಯೆ ಕಳೆದ ಮೇಲೆ ಬಾ," ಎಂದರು. ಜೊತೆಯವರು ಊರಿಗೆ ಹೊರಟುಹೋದರು. ಅವಳು ಕಾಯುತ್ತ ಚಾವಡಿಯ ಮೆಟ್ಟಿಲ ಮೇಲೆಯೇ ಪ್ರಾಣಬಿಟ್ಟಳು. ದೂಮ ಮಣ್ಣು ಮುಚ್ಚಿ, ಕೈ ತೊಳೆದುಕೊಂಡು ಅರಮನೆಗೆ ನಡೆದ.

ಮಂತ್ರಿಯ ಮಗ ಸಿಂಗರಸ ಮೊದಲು ನಿಂತಿದ್ದ. ರಾಣಿ ಕೇಳಿದಳು: "ಕೊಳ್ಳುವಾಗ ಅದು ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳುವ ಹೊತ್ತಿಗೆ ಮಾರಿದವನು ಸಿಗುವುದಿಲ್ಲ. ಏನದು?"

"ವಜ್ರದೊಳಗಿನ ಬಿರುಕು."

"ವಜ್ರ ಕೊಳ್ಳದ ಬಡವನಿಗೂ ಅದು ತಪ್ಪಿದ್ದಲ್ಲ," ಎಂದಳು ರಾಣಿ. ಭಟರು ಅವನನ್ನು ಎಳೆದೊಯ್ದರು.

ಅವನ ಹಿಂದೆ ನಿಂತಿದ್ದ ಗಣಪಯ್ಯ ಶಾಸ್ತ್ರಿಗಳು, "ಮೋಸ," ಎಂದು ಅದನ್ನು ಬಿಡಿಸಿದರು. ರಾಣಿ ಎರಡನೆಯದನ್ನು ಕೇಳಿದಳು: "ಬೆಳಿಗ್ಗೆ ಊರಿಗೆಲ್ಲ ನೆಂಟ, ಸಂಜೆಗೆ ಯಾರಿಗೂ ಗುರುತಿಲ್ಲ. ಯಾರವನು?"

"ಸೂರ್ಯ, ಮಹಾರಾಣಿ."

"ಸೂರ್ಯನ ಗುರುತು ಕುರುಡನಿಗೂ ಉಂಟು."

ಶಾಸ್ತ್ರಿಗಳನ್ನೂ ಕರೆದೊಯ್ದರು. ದೂಮನ ಸರದಿ ಬಂತು.

"ಮೊದಲನೆಯದು ಮೋಸವೇ, ತಾಯಿ. ಹುಳುಕಿನ ಮೇಲೆ ಬಳಿದ ಬಣ್ಣ. ಎರಡನೆಯವನು ಪರಸ್ಥಳದವನು. ವ್ಯಾಪಾರ ಆಗುವವರೆಗೆ ಅಣ್ಣಾ ಅಣ್ಣಾ ಅಂತಾರೆ, ಆಮೇಲೆ ಯಾರಯ್ಯ ನೀನು ಅಂತಾರೆ."

ರಾಣಿ ತುಸು ಮುಂದಕ್ಕೆ ಬಾಗಿದಳು. "ಒಂದು ಮನೆ. ಬಾಗಿಲಿಗೆ ಅಗುಳಿಯಿಲ್ಲ. ಆದರೆ ತಟ್ಟಿದವನು ಊರು ಬಿಟ್ಟ ಮೇಲೆಯೇ ಒಳಗಿನವರು ಓಗೊಡುತ್ತಾರೆ. ಯಾವ ಮನೆ?"

ದೂಮನಿಗೆ ಉತ್ತರ ಗೊತ್ತಿತ್ತು. ಹೇಳಿದರೂ ತಲೆ ಹೋಗಬಹುದು.

"ನಿಮ್ಮ ನ್ಯಾಯದ ಚಾವಡಿ, ತಾಯಿ. ಹಡಗು ಕಾಯುವುದಿಲ್ಲ, ಚಾವಡಿಗೆ ಅವಸರವಿಲ್ಲ. ಹೋದವರು ದೂರು ಬಿಟ್ಟುಹೋಗುತ್ತಾರೆ. ಉಳಿದವರನ್ನು ನಾನು ಹೂಳುತ್ತೇನೆ."

ರಾಣಿ ಹೇಳಿದಳು: "ನನಗದು ಗೊತ್ತಿತ್ತು. ನನ್ನೆದುರು ಹೇಳುವ ಎದೆ ಯಾರಿಗಿದೆ ಎಂದು ನೋಡಬೇಕಿತ್ತು."

"ಅದಕ್ಕೆ ಇಬ್ಬರು ಸಾಯಬೇಕಿತ್ತೇ?"

ರಾಣಿ ಮುದ್ರೆಯುಂಗುರ ಕಳಚಿ ಅವನ ಕೈಗಿತ್ತಳು.

ಮರುದಿನ ದೂಮ ಚಾವಡಿಯನ್ನು ಬಂದರಿನ ಕಟ್ಟೆಗೇ ತಂದ. ಕಲಬೆರಕೆ ಔಷಧಿಯಿಂದ ಗಂಡನನ್ನು ಕಳೆದುಕೊಂಡ ದ್ವೀಪದ ಹೆಂಗಸೊಬ್ಬಳು ಬಂದಳು. ಅವಳ ಹಡಗು ಹಾಯಿ ಬಿಚ್ಚುತ್ತಿತ್ತು. ದೂಮ ಹಡಗನ್ನು ತಡೆದು, ಮಾರಿದವನನ್ನು ಅಂಗಡಿಯಿಂದಲೇ ಹಿಡಿತರಿಸಿ, ಅಲ್ಲೇ ವಿಚಾರಣೆ ಮಾಡಿ ಸೆರೆಮನೆಗೆ ಕಳಿಸಿದ.

ತೀರ್ಪು ಅವಳ ಗಂಡನನ್ನು ಮರಳಿಸಲಿಲ್ಲ. ಆದರೆ ಹಡಗು ಹತ್ತುವ ಮುಂಚೆ ಅವಳು ಅದನ್ನು ಕಿವಿಯಾರೆ ಕೇಳಿದಳು.